ಗದ್ದೆ, ಬಾಣೆ ಮತ್ತು ಶಾಸನಸಭೆ
(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶಾಸನಸಭೆಯ ಸದಸ್ಯನೊಬ್ಬನು ರೈತರ ಪಕ್ಷವನ್ನು ವಹಿಸಿದನು ಎಂಬುದು ಸಭೆಗಳಲ್ಲಿ ಬಹು ಸುಲಭವಾಗಿ ಬಾಯಿಗೆ ಬರತಕ್ಕ ಮಾತು. ಹಾರವನ್ನು ಹಾಕುವವರೂ ಅದನ್ನೇ ಹೇಳುವರು, ಮತವನ್ನು ಬೇಡುವವರೂ ಅದನ್ನೇ ಹೇಳುವರು. ಆದರೆ ರೈತನಿಗೆ ಸದಸ್ಯನಿಂದ ಆಗತಕ್ಕ ಉಪಕಾರ ಯಾವುದು, ಅದನ್ನು ಅಳೆಯುವ ಕೊಳಗ ಯಾವುದು ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ಬರುವುದಿಲ್ಲ. ಕೊಡಗಿನ ಚರಿತ್ರೆಯಲ್ಲಿ ಇದಕ್ಕೆ ಒಂದು ಉತ್ತರವು ದೊರೆಯುವುದು. ಈ ಚಿಕ್ಕ ನಾಡಿಗೆ ಒಂದು ಕಾಲದಲ್ಲಿ ತನ್ನದೇ ಆದ ಶಾಸನಸಭೆ ಇದ್ದಿತು. ಈಗ ಅದು ದೊಡ್ಡ ರಾಜ್ಯವೊಂದರ ವಿಧಾನಸಭೆಗೆ ಇಬ್ಬರನ್ನು ಕಳುಹಿಸುತ್ತಿದೆ. ಭೂಮಿ ಅದೇ, ಮಳೆ ಅದೇ, ರೈತನೂ ಅವನೇ. ಈ ಎರಡು ಸಭೆಗಳಿಂದ ಅವನಿಗೆ ದೊರೆತುದೇನು, ದೊರೆಯದೆ ಹೋದುದೇನು ಎಂಬುದೇ ಪ್ರಕೃತ ಉಪನ್ಯಾಸದ ವಿಷಯ.

ಕೊಡಗಿನ ಗದ್ದೆಯನ್ನು ಕಾಣದವರಿಗೆ ಒಂದು ಮಾತನ್ನು ಮೊದಲು ಹೇಳಬೇಕಾಗಿದೆ. ಬಯಲುಸೀಮೆಯಲ್ಲಿ ಹೊಲವೆಂದರೆ ಹೊಲವೇ. ನಾಲ್ಕು ಬದುಗಳ ಒಳಗೆ ಇರುವುದಿಷ್ಟೇ ರೈತನ ಸ್ವತ್ತು. ಕೊಡಗಿನಲ್ಲಿ ಹಾಗಲ್ಲ. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಗದ್ದೆಯು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಅದರ ಮೇಲಣ ಇಳಿಜಾರಿನಲ್ಲಿ ಮರಗಿಡಗಳಿಂದ ತುಂಬಿದ ಬಾಣೆ ಇರುವುದು. ಬಾಣೆಯ ಸೊಪ್ಪನ್ನು ಕಡಿದು ಕೊಟ್ಟಿಗೆಗೆ ಹಾಸುವರು. ದನಗಳು ತುಳಿದು, ಸಗಣಿಯೊಡನೆ ಕೊಳೆತ ಮೇಲೆ ಅದನ್ನೇ ಗೊಬ್ಬರವಾಗಿ ಗದ್ದೆಗೆ ಹೊರುವರು. ಒಲೆಯ ಸೌದೆ, ನೇಗಿಲಿನ ಮರ, ಮನೆಯ ತೊಲೆ, ದನಗಳ ಮೇವು ಇವೆಲ್ಲವೂ ಬಾಣೆಯಿಂದಲೇ ಬರತಕ್ಕವು. ಇಳಿಜಾರಿನಲ್ಲಿ ಮರವಿದ್ದರೆ ಮಳೆಗಾಲದ ನೀರು ಮಣ್ಣಿನಲ್ಲಿ ಇಂಗಿ, ಮಳೆ ನಿಂತ ಮೇಲೆಯೂ ತಗ್ಗಿನ ಒರತೆಯಲ್ಲಿ ಜಿನುಗುತ್ತಿರುವುದು. ಹೀಗೆ ಗದ್ದೆಗೂ ಬಾಣೆಗೂ ಇರುವ ಸಂಬಂಧವು ಕರುವಿಗೂ ಹಸುವಿಗೂ ಇರುವ ಸಂಬಂಧದಂತೆ. ಇವೆರಡನ್ನೂ ಕೂಡಿಸಿಯೇ ಒಂದು ವರ್ಗವೆಂದು ಹಿಂದಿನವರು ಎಣಿಸುತ್ತಿದ್ದರು. ಗದ್ದೆಗೆ ಮಾತ್ರ ಕಂದಾಯ. ಬಾಣೆಗೆ ಬೇರೆ ಕಂದಾಯವಿಲ್ಲ. ಗದ್ದೆಯ ಬೆಳೆಯ ಮೇಲೆ ಕಂದಾಯವನ್ನು ಹಾಕುವಾಗ ಗೊಬ್ಬರದ ಮೇಲೂ ಕಂದಾಯವನ್ನು ಹಾಕುವುದು ನ್ಯಾಯವಲ್ಲವೆಂಬುದು ಅದರ ತಾತ್ಪರ್ಯವಾಗಿದ್ದಿತು.

ಹಾಲೇರಿ ವಂಶದ ವೀರಶೈವ ಅರಸರು ಈ ನಾಡನ್ನು 1834ರ ವರೆಗೆ ಆಳಿದರು. ಅವರಲ್ಲಿ ಲಿಂಗರಾಜೇಂದ್ರನು ತನ್ನ ಆಳಿಕೆಯಲ್ಲಿ (1811-1820) ಭೂಮಿಯನ್ನು ಅಳೆಯಿಸಿ ಶಿಸ್ತನ್ನು ಗೊತ್ತುಮಾಡಿಸಿದನು. ಆ ಕಾಲದ ಹಿಡುವಳಿಗಳಲ್ಲಿ ಜಮ್ಮಾ, ಸಾಗು, ಉಂಬಳಿ, ಜೋಡಿ ಎಂಬಿವು ಮುಖ್ಯವಾದವು. ಜಮ್ಮಾ ಎಂಬುದು ಜನ್ಮ ಶಬ್ದದ ತದ್ಭವ. ಹುಟ್ಟಿನಿಂದ ಬಂದ ಹಕ್ಕು ಎಂದರ್ಥ. ಜಮ್ಮಾ ಹಿಡಿದವನು ಅರಸನು ಕರೆದಾಗ ಆಯುಧವನ್ನು ಹಿಡಿದು ಬರತಕ್ಕವನು. ಆ ಸೇವೆಗಾಗಿ ಅವನಿಗೆ ಅರ್ಧ ಕಂದಾಯ: ನೂರು ಭಟ್ಟಿ ಗದ್ದೆಗೆ ಸಾಗುವಿನವನು 10 ರೂಪಾಯಿ ಕೊಡುತ್ತಿದ್ದರೆ ಜಮ್ಮಾದವನು 5 ರೂಪಾಯಿ ಕೊಡುತ್ತಿದ್ದನು. ಆದರೆ ಜಮ್ಮಾ ಭೂಮಿಯನ್ನು ಅವನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಅದು ಒಬ್ಬನ ಆಸ್ತಿಯಾಗಿರದೆ ಒಕ್ಕದ ಆಸ್ತಿಯಾಗಿದ್ದು, ಒಕ್ಕದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿ ನಿಲ್ಲುತ್ತಿದ್ದಿತು. ಜೋಡಿ ಎಂಬುದು ದೇವಸ್ಥಾನ ಮೊದಲಾದ ಧರ್ಮಕಾರ್ಯಗಳಿಗೆ ಅರ್ಧ ಕಂದಾಯದಲ್ಲಿ ಬಿಟ್ಟ ಭೂಮಿ. ಧರ್ಮಸಂಸ್ಥೆಗಳು ಭೂಮಿಯ ವಿಷಯದಲ್ಲಿ ತಟಸ್ಥವೆಂದು ತಿಳಿಯತಕ್ಕದ್ದಲ್ಲ. ರಿಯಾಯಿತಿಯನ್ನು ಉಂಡವರ ಪಟ್ಟಿಯಲ್ಲಿ ಅವುಗಳ ಹೆಸರೂ ಉಂಟು. ಮಠದ ಮಹೋತ್ಸವದಲ್ಲಿ ಈ ವಿಷಯವನ್ನು ಎತ್ತುವುದಕ್ಕೆ ಅದೂ ಒಂದು ಕಾರಣ.

1834ರಲ್ಲಿ ಕಂಪನಿ ಸರಕಾರವು ನಾಡನ್ನು ತೆಗೆದುಕೊಂಡಾಗ ಈ ಹಿಡುವಳಿಗಳನ್ನು ಕಿತ್ತುಹಾಕಲಿಲ್ಲ. ಆದರೆ 1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯ ಬಳಿ ಕಾಫಿ ತೋಟವನ್ನು ಮಾಡಿದನು. ಆ ಮೇಲೆ ಗುಡ್ಡಗಳಿಗೆ ಹೊಸ ಬೆಲೆ ಬಂದಿತು. ಸೊಪ್ಪಿಗೂ ಸೌದೆಗೂ ಇದ್ದ ಬಾಣೆಯ ನೆರಳಿನಲ್ಲಿ ಕಾಫಿ ಗಿಡವೂ ಬೆಳೆಯಬಲ್ಲುದೆಂದು ರೈತನು ಕಂಡುಕೊಂಡನು. ಅಲ್ಲಿಂದಲೇ ತಕರಾರಿಗೂ ಬೀಜ ಬಿದ್ದಿತು. ಬಾಣೆಯ ಮಣ್ಣು ಯಾರದು, ಅದರ ಮೇಲಿನ ಬೀಟೆ ಮರ ಯಾರದು? 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ ಹಳೆಯ ಹಿಡುವಳಿಗಳಿಗೆ ಕಾಯಿದೆಯ ರೂಪವನ್ನು ಕೊಟ್ಟಿತು. ಮರಗಳ ಬೆಲೆಯನ್ನು ಸರಕಾರಕ್ಕೆ ತೆತ್ತು ಬಿಡಿಸಿಕೊಂಡ ಬಾಣೆ ಒಂದು ಬಗೆ, ಹಾಗೆ ಬಿಡಿಸಿಕೊಳ್ಳದ ಬಾಣೆ ಇನ್ನೊಂದು ಬಗೆ ಎಂಬ ಭೇದವೂ ಏರ್ಪಟ್ಟಿತು. ಅಜ್ಜನು ನೆಟ್ಟು ಮೊಮ್ಮಗನು ಕಾಯ್ದ ಮರವನ್ನು ಕಡಿಯಲು ಸರಕಾರದ ಅಪ್ಪಣೆ ಬೇಕೆಂಬುದು ಒಕ್ಕದ ಹಿರಿಯರಿಗೆ ಅರ್ಥವಾಗದ ಸಂಗತಿಯಾಗಿದ್ದಿತು. ಈಗಲೂ ಅದು ಪೂರ್ಣವಾಗಿ ಅರ್ಥವಾಗಿದೆಯೆಂದು ಹೇಳುವಂತಿಲ್ಲ.

ಇನ್ನು ಶಾಸನಸಭೆಯ ವಿಷಯ. 1924ರಲ್ಲಿ ಕೊಡಗಿಗೆ ಒಂದು ಲೆಜಿಸ್ಲೇಟಿವ್ ಕೌನ್ಸಿಲ್ ಬಂದಿತು. ಚುನಾಯಿತರು 15 ಮಂದಿ, ನಾಮಕರಣ ಹೊಂದಿದವರು 5 ಮಂದಿ. ಮೇಲೆ ಚೀಫ್ ಕಮಿಷನರು. ಆ ಸಭೆಗೆ ಅಧಿಕಾರ ಸ್ವಲ್ಪವೇ ಇದ್ದಿತು. ಮತವಿದ್ದುದೂ ಆಸ್ತಿಯುಳ್ಳ ಕೆಲವರಿಗೆ ಮಾತ್ರ. ಆದರೂ ಒಂದು ಗುಣವನ್ನು ಒಪ್ಪಿಕೊಳ್ಳಲೇಬೇಕು. ಅಲ್ಲಿ ಕುಳಿತವರಿಗೆ ಬಾಣೆ ಎಂದರೇನು, ಬರಿಕೆ ಎಂದರೇನು, ಪೈಸಾರಿ ಎಂದರೇನು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಕಂದಾಯದ ಮಾತು ಬಂದಾಗ ಅವರು ಕಾಗದವನ್ನು ನೋಡಿ ಮಾತನಾಡಬೇಕಾಗಿರಲಿಲ್ಲ, ತಮ್ಮ ಗದ್ದೆಯನ್ನು ನೆನೆದುಕೊಂಡರೆ ಸಾಕಾಗುತ್ತಿದ್ದಿತು. ಇದು ಆ ಸಭೆಯ ಬಲ. ಅದರ ದೌರ್ಬಲ್ಯವೂ ಇದರಲ್ಲೇ ಅಡಗಿದ್ದಿತು. ಅದನ್ನು ಮುಂದೆ ನೋಡೋಣ.

ಈ ಕಾಲದಲ್ಲಿ ಮುಂದೆ ಬಂದವರಲ್ಲಿ ಸಿ. ಎಂ. ಪೂಣಚ್ಚನವರೂ ಪಂದ್ಯಂಡ ಬೆಳ್ಯಪ್ಪನವರೂ ಮುಖ್ಯರು. ಪೂಣಚ್ಚನವರು 1910ರಲ್ಲಿ ಜನಿಸಿದವರು; ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹಲವು ಸಲ ಸೆರೆಮನೆಯನ್ನು ಕಂಡವರು; ಜಿಲ್ಲಾ ಬೋರ್ಡಿನ ಕೆಲಸದಿಂದ ಹಳ್ಳಿಗಳನ್ನು ಬಲ್ಲವರು; ಕೊಡಗಿನ ಪ್ರತಿನಿಧಿಯಾಗಿ ಸಂವಿಧಾನ ಸಭೆಯಲ್ಲಿ ಕುಳಿತವರು. ಬೆಳ್ಯಪ್ಪನವರು ಗಾಂಧೀಜಿಯವರ ಮಾರ್ಗವನ್ನು ಹಿಡಿದು 'ಕೊಡಗು' ಪತ್ರಿಕೆಯನ್ನು ನಡೆಸಿದವರು. ಇಬ್ಬರೂ ಒಂದೇ ಹೋರಾಟದಿಂದ ಬಂದವರು. ನಾಡಿನ ಹಿತವನ್ನೇ ಬಯಸಿ, ಕೊನೆಗೆ ಎದುರುಬದುರಾಗಿ ನಿಂತವರು.

1951ರಲ್ಲಿ ಕೊಡಗಿನ ಸಭೆಯಿಂದ ಒಂದು ಕಾಯಿದೆ ಹೊರಟಿತು: ಬೇಸಾಯದ ವರಮಾನದ ಮೇಲೆ ತೆರಿಗೆ. ಸಾಮಾನ್ಯವಾಗಿ ರೈತರಿಗೆ ಬೆಂಬಲವೆಂದರೆ ತೆರಿಗೆಯನ್ನು ಇಳಿಸುವುದೆಂದೇ ಜನರು ತಿಳಿದಿರುವರು. ಇಲ್ಲಿಯಾದರೋ ಬೆಳೆಗಾರರ ನಾಡಿನ ಪ್ರತಿನಿಧಿಗಳೇ ಬೆಳೆಗಾರರ ಮೇಲೆ ತೆರಿಗೆಯನ್ನು ಹಾಕಿದರು. ಆಗ ಅನೇಕರು ಮುಖವನ್ನು ಸಿಂಡರಿಸಿಕೊಂಡಿದ್ದರೆ ಆಶ್ಚರ್ಯವಲ್ಲ. ಆದರೆ 1,586 ಚದರ ಮೈಲಿಯ, 1951ರ ಗಣತಿಯಂತೆ 2,29,405 ಜನರ ರಾಜ್ಯವೊಂದು ರಸ್ತೆ, ಶಾಲೆ, ಆಸ್ಪತ್ರೆಗಳನ್ನು ನಡೆಸಲು ಹಣವನ್ನು ಎಲ್ಲಿಂದ ತರಬೇಕು? ಎರಡು ಎಕರೆ ಗದ್ದೆಯವನ ಕಂದಾಯವನ್ನು ಏರಿಸುವುದಕ್ಕಿಂತ ನೂರಾರು ಎಕರೆ ಕಾಫಿಯುಳ್ಳವನ ವರಮಾನವನ್ನು ಮುಟ್ಟುವುದು ನ್ಯಾಯ. ಹೊಗಳಿಕೆಗೆ ಸಿಕ್ಕದ ಇಂಥ ಕಾರ್ಯಗಳನ್ನು ಶಾಸಕರ ಸನ್ಮಾನಪತ್ರಗಳಲ್ಲಿ ಯಾರೂ ಬರೆಯುವುದಿಲ್ಲ.

1952ರ ಚುನಾವಣೆಯಲ್ಲಿ ಮೊದಲ ಸಲ ತೋಟದ ಯಜಮಾನನಿಗೂ ತೋಟದ ಕೂಲಿಗೂ ಒಂದೊಂದೇ ಮತವಾಯಿತು. 24 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ಸಿಗೆ 15, ಬೆಳ್ಯಪ್ಪನವರ ಮುಂದಾಳುತನದ ತಕ್ಕಡಿ ಪಕ್ಷಕ್ಕೆ 9. ಪೂಣಚ್ಚನವರು ಮುಖ್ಯಮಂತ್ರಿಗಳು, ಕೆ. ಮಲ್ಲಪ್ಪನವರು ಇನ್ನೊಬ್ಬ ಮಂತ್ರಿಗಳು, ಮಂತ್ರಿಮಂಡಲವೆಂದರೆ ಇಬ್ಬರೇ. ತಕ್ಕಡಿಯವರ ವಾದ ಒಂದೇ: ಕೊಡಗು ಮೈಸೂರಿನೊಡನೆ ಸೇರಬಾರದು. ಸೇರಿದರೆ ಈ ನಾಡಿನ ಮಾತು ದೊಡ್ಡ ಸಭೆಯಲ್ಲಿ ಕೇಳಿಸದೆ ಹೋಗುವುದೆಂಬುದು ಅವರ ಭಯ. ಪೂಣಚ್ಚನವರ ಕಡೆಯವರ ಎಣಿಕೆ ಬೇರೆ: ಇಷ್ಟು ಚಿಕ್ಕ ರಾಜ್ಯವು ಕೇಂದ್ರದ ಕೈಯನ್ನು ನೋಡುತ್ತ ಬಹಳ ಕಾಲ ಬದುಕಲಾರದು, ಕನ್ನಡನಾಡೆಲ್ಲ ಒಂದಾಗುವಾಗ ಹೊರಗುಳಿಯುವುದು ಹಿತವಲ್ಲ. 1956ನೆಯ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಜಿಲ್ಲೆಯಾಯಿತು. ಪೂಣಚ್ಚನವರು ಮುಂದೆ ರಾಜ್ಯದಲ್ಲಿ ಮಂತ್ರಿಗಳೂ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳೂ ಆಗಿ ದೊಡ್ಡ ಪದವಿಗಳನ್ನು ಏರಿದರು. ಆ ಕಥೆ ಇಲ್ಲಿ ಬೇಡ.

ಸೇರಿದುದು ಸರಿಯೋ ತಪ್ಪೋ ಎಂದು ಈಗ ವಾದಿಸುವುದರಿಂದ ಪ್ರಯೋಜನವಿಲ್ಲ. ಕನ್ನಡನಾಡಿನಿಂದ ಕೊಡಗನ್ನು ಬೇರ್ಪಡಿಸಿ ನೋಡುವುದು ಈ ಸಭೆಯಲ್ಲಿ ಯಾರಿಗೂ ಇಷ್ಟವಿರಲಾರದು. ಆದರೆ ತಕ್ಕಡಿಯವರ ಭಯವು ಲೆಕ್ಕದ ಮಟ್ಟಿಗೆ ಸುಳ್ಳಾಗಲಿಲ್ಲ. 24 ಜನರಿದ್ದ ಕಡೆ ಕೆಲ ಕಾಲ ಮೂವರಿದ್ದರು. 2008ರ ಚುನಾವಣೆಯಿಂದೀಚೆಗೆ 224 ಜನರ ಸಭೆಯಲ್ಲಿ ಮಡಿಕೇರಿಯವರೊಬ್ಬರು, ವಿರಾಜಪೇಟೆಯವರೊಬ್ಬರು. ಲೋಕಸಭೆಗೆ 1952ರಲ್ಲಿ ಕೊಡಗಿಗೇ ಒಂದು ಸ್ಥಾನವಿದ್ದಿತು. ಆ ಮೇಲೆ ಅದು ಬಹುಕಾಲ ಮಂಗಳೂರಿನೊಡನೆಯೂ 2009ರಿಂದ ಮೈಸೂರಿನೊಡನೆಯೂ ಕೂಡಿಕೊಂಡಿದೆ. ಇಬ್ಬರು ಸದಸ್ಯರು ಎದ್ದು ನಿಂತು "ಬಾಣೆ" ಎಂದರೆ, ಉಳಿದ 222 ಜನರಲ್ಲಿ ಹೆಚ್ಚಿನವರಿಗೆ ಆ ಶಬ್ದವು ಹೊಸದು.

ಹಾಗೆಂದು ದೊಡ್ಡ ಸಭೆಯು ಕೊಡಗಿನ ರೈತನಿಗೆ ಏನನ್ನೂ ಮಾಡಲಿಲ್ಲವೆಂದರೆ ಅದು ಅನ್ಯಾಯದ ಮಾತಾಗುವುದು. ಗದ್ದೆಯನ್ನು ತನ್ನದೆಂದು ಹೇಳಿಕೊಳ್ಳುವವನು ರೈತನೋ, ಅದನ್ನು ಉಳುವವನು ರೈತನೋ ಎಂಬ ಪ್ರಶ್ನೆಯು ಹಳೆಯ ಚಿಕ್ಕ ಸಭೆಯಲ್ಲಿ ಬಹುಕಾಲ ಹಿಂದೆಯೇ ಉಳಿದಿದ್ದಿತು. ಆ ಚಿಕ್ಕ ರಾಜ್ಯವು ಮುಗಿಯುವ ವೇಳೆಗೆ, 1957ರ ಕೊಡಗು ಗೇಣಿದಾರರ ಕಾಯಿದೆಯಲ್ಲಿ ಅದಕ್ಕೆ ಒಂದು ರೂಪ ದೊರೆಯಿತು. ಆ ಮೇಲೆ ರಾಜ್ಯಕ್ಕೆಲ್ಲ ಒಂದೇ ಆದ 1961ರ ಭೂಸುಧಾರಣಾ ಕಾಯಿದೆಯು ಬಂದು 1965ರಲ್ಲಿ ಜಾರಿಯಾಯಿತು. ದೇವರಾಜ ಅರಸರ ಕಾಲದಲ್ಲಿ ಅದನ್ನು ತಿದ್ದಿ, 1974ನೆಯ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ ಉಳುವವನಿಗೆ ಸಲ್ಲಬೇಕೆಂದು ವಿಧಿಸಿದರು. ನ್ಯಾಯಮಂಡಳಿಯ ಮುಂದೆ ಅರ್ಜಿಯನ್ನು ಹಿಡಿದು ನಿಂತ ಗೇಣಿದಾರನು, ತನ್ನ ಊರಿನವರು ತುಂಬಿದ ಸಭೆಯಲ್ಲಿ ದೊರೆಯದ ನ್ಯಾಯವನ್ನು ದೂರದ ಬೆಂಗಳೂರಿನಿಂದ ಪಡೆದನು. ಹತ್ತಿರದವನಿಗೆ ನೆಲದ ಪರಿಚಯ ಹೆಚ್ಚು, ಆದರೆ ನೆಂಟರ ದಾಕ್ಷಿಣ್ಯವೂ ಹೆಚ್ಚು. ಮೊದಲು ಹೇಳಿದ ಆ ದೌರ್ಬಲ್ಯವೆಂದರೆ ಇದೇ.

ಆದರೆ ಅದೇ ಕಾಯಿದೆಯಲ್ಲಿ ಕಾಫಿ, ಏಲಕ್ಕಿ, ಮೆಣಸು, ಚಹಾ, ರಬ್ಬರ್ ತೋಟಗಳಿಗೆ ವಿನಾಯಿತಿ ಇದ್ದಿತು. ತೋಟವನ್ನು ತುಂಡುಮಾಡಿದರೆ ಬೆಳೆ ಕೆಡುವುದೆಂಬುದು ಅದರ ಕಾರಣ. ಅದರಲ್ಲಿ ಅರ್ಥವಿಲ್ಲದೆ ಇಲ್ಲ. ಕೊಡಗಿನಲ್ಲಾದರೋ ಇದರಿಂದ ಭೂಮಿಯೇ ಎರಡು ಪಾಲಾಯಿತು. ತಗ್ಗಿನ ಗದ್ದೆಗೆ ಒಂದು ನ್ಯಾಯ, ಮೇಲಣ ತೋಟಕ್ಕೆ ಇನ್ನೊಂದು ನ್ಯಾಯ. ತೋಟದ ಲೈನ್ ಮನೆಯಲ್ಲಿ ಹುಟ್ಟಿ ಅಲ್ಲಿಯೇ ಮುದುಕನಾದವನು ಯಾವ ಮಂಡಳಿಯ ಮುಂದೆಯೂ ಅರ್ಜಿದಾರನಾಗಲಿಲ್ಲ.

ಬಾಣೆಯ ತಕರಾರಾದರೋ ಇಷ್ಟು ಕಾಲವೂ ಒಳಗೊಳಗೇ ಹೊಗೆಯಾಡುತ್ತಿದ್ದಿತು. 1964ರ ಭೂಕಂದಾಯ ಕಾಯಿದೆಯು ರಾಜ್ಯಕ್ಕೆಲ್ಲ ಒಂದೇ ನಿಯಮವನ್ನು ತಂದಾಗ ಕೊಡಗಿನ ಹಳೆಯ ರೆಗ್ಯುಲೇಷನ್ ಹೋಯಿತು. ಆದರೆ ಅದರಿಂದ ಹುಟ್ಟಿದ ಹಕ್ಕುಗಳು ಹೋದುವೇ, ಉಳಿದುವೇ? 1993ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಪೂರ್ಣಪೀಠದ ಮುಂದೆ ಜಮ್ಮಾ ಬಾಣೆಯ ಪ್ರಶ್ನೆಯು ಬಂದಿತು. ಬಾಣೆಯು ಗದ್ದೆಯ ಬೇಸಾಯದ ಅನುಕೂಲಕ್ಕಾಗಿ ಕೊಟ್ಟದ್ದು. ಸೊಪ್ಪು, ಸೌದೆ, ಮೇವುಗಳ ಸೌಲಭ್ಯವೇ ಹಿಡುವಳಿದಾರನಿಗೆ ಮೂಲತಃ ಸಲ್ಲತಕ್ಕದ್ದು, ಅಷ್ಟರಿಂದಲೇ ಮಣ್ಣಿನ ಒಡೆತನವು ಅವನಿಗೆ ಬಾರದು ಎಂಬ ದಿಕ್ಕಿನಲ್ಲಿ ತೀರ್ಪು ಆಯಿತು. ನ್ಯಾಯಾಧೀಶರು ಹಳೆಯ ಕಾಗದಗಳನ್ನು ನೋಡಿದರು. ಕಾಗದದಲ್ಲಿ ಇದ್ದುದನ್ನು ಹೇಳಿದರು. ಅವರನ್ನು ದೂರುವಂತಿಲ್ಲ. ಆದರೆ ಆ ಬಾಣೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ಕಾಫಿ ಬೆಳೆದಿದ್ದಿತು, ಮೆಣಸಿನ ಬಳ್ಳಿ ಹಬ್ಬಿದ್ದಿತು, ಐನ್‌ಮನೆಗಳು ನಿಂತಿದ್ದುವು. ಇಂಥ ಕಡೆಯಲ್ಲಿಯೇ ಶಾಸಕನ ಅವಶ್ಯಕತೆ ಬರುವುದು. ಕಾಗದವು ಜೀವನದ ಹಿಂದೆ ಬಿದ್ದಾಗ ಕಾಗದವನ್ನು ತಿದ್ದುವ ಅಧಿಕಾರವಿರುವುದು ನ್ಯಾಯಾಧೀಶನಿಗಲ್ಲ, ಶಾಸನಸಭೆಗೆ.

ತಿದ್ದುವುದಕ್ಕೆ ಹದಿನೆಂಟು ವರ್ಷಗಳಾದುವು. 2011ರಲ್ಲಿ ವಿಧಾನಮಂಡಲವು ಭೂಕಂದಾಯ ಕಾಯಿದೆಗೆ ತಿದ್ದುಪಡಿಯನ್ನು ಅಂಗೀಕರಿಸಿತು. ಕೊಡಗಿನ ಬಾಣೆಯ ಮೇಲೆ ಹಿಡುವಳಿದಾರನ ಹಕ್ಕನ್ನು ದೃಢಪಡಿಸುವುದು ಅದರ ಉದ್ದೇಶ. ಆಗ ವಿರಾಜಪೇಟೆಯ ಸದಸ್ಯರಾದ ಕೆ. ಜಿ. ಬೋಪಯ್ಯನವರು ವಿಧಾನಸಭೆಯ ಅಧ್ಯಕ್ಷಪೀಠದಲ್ಲಿದ್ದರು; ಮಡಿಕೇರಿಯ ಸದಸ್ಯರು ಅಪ್ಪಚ್ಚು ರಂಜನ್. ಕೊಡಗಿನವರೊಬ್ಬರು ಪೀಠದಲ್ಲಿದ್ದಾಗಲೇ ಕಾರ್ಯವು ಮುಂದೆ ಸಾಗಿದುದು ಕಾಕತಾಳೀಯವೆಂದು ತೋರುವುದಿಲ್ಲ. ಇಬ್ಬರು ಸದಸ್ಯರ ನಾಡಿಗೆ ದೊಡ್ಡ ಸಭೆಯ ಕಿವಿ ದೊರೆಯಬೇಕಾದರೆ ಪಕ್ಷವಾವುದೇ ಇರಲಿ, ಇಂಥ ಸಂದರ್ಭವನ್ನು ಕಾಯ್ದು ಹಿಡಿಯಬೇಕಾಗುವುದು. 222 ಜನರಿಗೆ ಬಾಣೆ ಎಂದರೇನೆಂದು ತಿಳಿಯಹೇಳುವ ಸಹನೆಯೂ ಬೇಕಾಗುವುದು. ಗಟ್ಟಿಯಾಗಿ ಕೂಗಿ ಸಭೆಯಿಂದ ಹೊರಕ್ಕೆ ನಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುವುದು. ಕಲಮಿನಲ್ಲಿ ಒಂದು ಶಬ್ದವನ್ನು ಸೇರಿಸಿ ಸುಮ್ಮನೆ ಕುಳಿತವನ ಕೆಲಸವು ಪಹಣಿಯಲ್ಲಿ ಬರುವುದು. ರೈತನಿಗೆ ಬೇಕಾದುದು ಎರಡನೆಯದು.

ಪಹಣಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಕಾಯಿದೆಯನ್ನು ತಿದ್ದಿದ ಮಾತ್ರಕ್ಕೆ ದಾಖಲೆಯು ತಿದ್ದಿಕೊಳ್ಳುವುದಿಲ್ಲ. ಜಮ್ಮಾ ಭೂಮಿಯು ಒಕ್ಕದ ಪಟ್ಟೇದಾರನ ಹೆಸರಿನಲ್ಲಿರುವುದೆಂದು ಮೊದಲೇ ಹೇಳಿದೆಯಷ್ಟೆ. ಪಟ್ಟೇದಾರನು ತೀರಿ ಎಷ್ಟೋ ವರ್ಷಗಳಾದರೂ ಪಹಣಿಯಲ್ಲಿ ಅವನು ಜೀವಂತನಾಗಿಯೇ ಇರುವ ಮನೆಗಳುಂಟು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲುಮಾಡಿಕೊಂಡು, ತಂತಮ್ಮ ಪಾಲಿನಲ್ಲಿ ದುಡಿದು ಉಣ್ಣುತ್ತಿರುವರು. ಬ್ಯಾಂಕಿಗೆ ಸಾಲಕ್ಕೆ ಹೋದಾಗ ಮಾತ್ರ ತೊಡಕು: ಸಾಲವನ್ನು ಕೇಳುವವನು ಒಬ್ಬ, ಭೂಮಿಯ ದಾಖಲೆಯಲ್ಲಿರುವವನು ಇನ್ನೊಬ್ಬ, ಅವನಾದರೋ ಕೈಲಾಸವಾಸಿ. ಹೆಣ್ಣುಮಕ್ಕಳ ಹೆಸರಂತೂ ಇಂಥ ಕಾಗದದಲ್ಲಿ ಕಾಣುವುದು ಇನ್ನೂ ಕಷ್ಟ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಗಳ ಕಡೆ ಗುಡ್ಡಗಳೇ ಜಾರಿ ಬಂದುವು. ಬಾಣೆಯು ಗದ್ದೆಯ ಮೇಲೆ ಬಿದ್ದಿತು. ಬದುವಿನ ಗುರುತೂ ಉಳಿಯಲಿಲ್ಲ. ನಷ್ಟಕ್ಕೆ ಪರಿಹಾರ ಕೊಡುವ ಸರಕಾರವು ಮೊದಲು ಕೇಳತಕ್ಕುದು ಪಹಣಿಯನ್ನೇ. ಸತ್ತ ಪಟ್ಟೇದಾರನ ಹೆಸರಿನಲ್ಲಿರುವ ಭೂಮಿಯಿಂದ ಬದುಕಿರುವ ಮೊಮ್ಮಗನು ತನ್ನ ನಷ್ಟವನ್ನು ಸಾಧಿಸಿ ತೋರಿಸಬೇಕಾದ ಸಂಕಟವು ಎಂಥದೆಂಬುದನ್ನು ಇಲ್ಲಿರುವ ಒಕ್ಕಲುಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಭೂಮಿಯುಳ್ಳವನ ಮಾತು ಇಷ್ಟಾಯಿತು. ಭೂಮಿಯೇ ಇಲ್ಲದೆ ಭೂಮಿಯಲ್ಲಿ ದುಡಿದವರ ಮಾತು ಉಳಿದಿದೆ. ಹಳೆಯ ಕೊಡಗಿನಲ್ಲಿ ಜಮ್ಮದ ಆಳು ಎಂಬ ಶಬ್ದವಿದ್ದಿತು. ಜಮ್ಮಾ ಗದ್ದೆಯು ಹೇಗೆ ಹುಟ್ಟಿನಿಂದ ಬಂದ ಹಕ್ಕೋ ಹಾಗೆಯೇ ಎರವ ಮೊದಲಾದ ಜನರಿಗೆ ಆ ಗದ್ದೆಯ ದುಡಿಮೆಯು ಹುಟ್ಟಿನಿಂದ ಬಂದ ಕಟ್ಟು. ಒಂದೇ ಶಬ್ದ, ಒಬ್ಬನಿಗೆ ಒಡೆತನ, ಇನ್ನೊಬ್ಬನಿಗೆ ದಾಸ್ಯ. ಕಾಯಕದ ಮಹಿಮೆಯನ್ನು ದಿನವೂ ಪಾಠ ಹೇಳತಕ್ಕ ಮಠಗಳು ಈ ಶಬ್ದದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ಸಾಲದ ಕಟ್ಟನ್ನು ಬಿಚ್ಚಿತು. ಕಟ್ಟನ್ನು ಬಿಚ್ಚಿದ ಮೇಲೆ ಎಲ್ಲಿ ನಿಲ್ಲಬೇಕೆಂಬುದನ್ನು ಅದು ಹೇಳಲಿಲ್ಲ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲನ್ನು ಹಾಕಿಕೊಂಡಿದ್ದ ಆದಿವಾಸಿ ಕುಟುಂಬಗಳನ್ನು ಅರಣ್ಯಭೂಮಿಯೆಂಬ ಕಾರಣದಿಂದ ಎಬ್ಬಿಸಲಾಯಿತು. ಅವರಲ್ಲಿ ಅನೇಕರು ತೋಟದ ಲೈನ್ ಮನೆಗಳನ್ನು ಬಿಟ್ಟು ಬಂದವರು. ಆ ಜನರ ಬಳಿಗೆ ಹೋಗಿ ನಿಂತವರಲ್ಲಿ ಎ. ಕೆ. ಸುಬ್ಬಯ್ಯನವರೊಬ್ಬರು. ಅವರು ಕೊಡಗಿನ ವಕೀಲರು, ಹಲವು ಅವಧಿಗಳಲ್ಲಿ ವಿಧಾನ ಪರಿಷತ್ತಿನ ಸದಸ್ಯರು. ಒಂದು ಪಕ್ಷಕ್ಕೆ ರಾಜ್ಯದಲ್ಲಿ ಮೊದಲ ಅಧ್ಯಕ್ಷರಾಗಿ ಅನಂತರ ಅದನ್ನೇ ಕಟುವಾಗಿ ಟೀಕಿಸಿದವರು. 2019ರಲ್ಲಿ ಅವರು ತೀರಿಕೊಂಡರು. ಅವರ ನಾಲಗೆಯು ಬಹಳ ಜನರಿಗೆ ಹಿತವಾಗಿರಲಿಲ್ಲ. ಅವರ ಎಲ್ಲ ಮಾತುಗಳನ್ನೂ ಒಪ್ಪಬೇಕಾದ ಅವಶ್ಯವೂ ಇಲ್ಲ. ಆದರೆ ಶಾಸಕನಾಗಿದ್ದ ಕಾಲವು ಮುಗಿದು, ಮತ್ತೆ ಮತ ಕೇಳಬೇಕಾದ ಆಸೆಯೂ ಇಲ್ಲದ ಮುಪ್ಪಿನಲ್ಲಿ, ಮಡಿಕೇರಿಯ ಹಳೆಯ ಕೌನ್ಸಿಲಿನಲ್ಲಿ ಯಾರಿಗೆ ಮತವೇ ಇರಲಿಲ್ಲವೋ ಅವರ ಪಕ್ಕದಲ್ಲಿ ಅವರು ಕಾಣಿಸಿಕೊಂಡರೆಂಬುದನ್ನು ಅವರ ವಿರೋಧಿಗಳೂ ಅಲ್ಲಗಳೆಯಲಾರರು.

ಆ ಕುಟುಂಬಗಳಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಮನೆಗಳ ವ್ಯವಸ್ಥೆಯಾಯಿತು. ವ್ಯವಸ್ಥೆಯಾದುದು ಮನೆಗಳದು. ಗದ್ದೆ ಬಾಣೆಗಳ ಮಾತನ್ನು ಯಾವ ಸಭೆಯಲ್ಲಿ ಯಾರು ಎತ್ತುವರೆಂಬುದನ್ನು ನೋಡಬೇಕಾಗಿದೆ.